ರಾತ್ರಿಯಾಟದ ರೆಕಾರ್ಡಿಂಗಿಗೆ ಯಾವ ಫಾರ್ಮ್ಯಾಟಿನ ಕಾರ್ಡು?

ಬಾಗಲಕೋಟೆಯ ನವನಗರದಿಂದ ಬೀಳಗಿ, ಮುಧೋಳ, ಜಮಖಂಡಿ ಕಡೆಯ ಊರುಗಳಿಗೆ ಬೈಕಿನಲ್ಲಿ ಹೋಗಿ, ರಾತ್ರಿಯಿಡೀ ನಡೆಯುವ ಪಾರಿಜಾತದ ಆಟಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರುವುದು ನನ್ನ ಹಲವು ವರ್ಷಗಳ ಹವ್ಯಾಸ. ಇದಕ್ಕೆಂದೇ 2014ರ ಒಂದು ಫೋನನ್ನು ಇಟ್ಟುಕೊಂಡಿದ್ದೇನೆ. ಅದರ ಬ್ಯಾಟರಿಯನ್ನು ಬಿಚ್ಚಿ ಬೇರೆಯದನ್ನು ಹಾಕಬಹುದು, ಮೆಮೊರಿ ಕಾರ್ಡಿಗೆ ಜಾಗವಿದೆ, ಮತ್ತು ಕಂಪನಿಯ ಆಂಡ್ರಾಯ್ಡನ್ನು ತೆಗೆದು, ಆಂಡ್ರಾಯ್ಡಿನದೇ ಉಚಿತ ರೂಪವಾದ ಲಿನಿಯೇಜ್ ಓಎಸ್ ಹಾಕಿಕೊಂಡಿದ್ದೇನೆ. ಅದರೊಳಗಿನ 128 ಜಿಬಿ ಕಾರ್ಡು ಈಗ ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಂನಲ್ಲಿದೆ (ಕಾರ್ಡಿನಲ್ಲಿ ಫೈಲುಗಳನ್ನು ಜೋಡಿಸಿ, ಅವುಗಳ ಲೆಕ್ಕ ಇಡುವ ವ್ಯವಸ್ಥೆಗೆ ಫೈಲ್ ಸಿಸ್ಟಂ ಎನ್ನುತ್ತಾರೆ), ಹಾಗೆಯೇ ಇರುತ್ತದೆ. ಫ್ಯಾಟ್32, ಎಕ್ಸ್‌ಫ್ಯಾಟ್, ಎಫ್2ಎಫ್‌ಎಸ್ ಈ ಮೂರನ್ನೂ ಇದೇ ಫೋನಿನಲ್ಲಿ ತಿಂಗಳುಗಟ್ಟಲೆ ಬಳಸಿ ಬಿಟ್ಟ ಮೇಲೆ ಬರೆಯುತ್ತಿರುವುದರಿಂದ, ತಕ್ಕಡಿಯನ್ನು ಸಮನಾಗಿ ಹಿಡಿದು ಬರೆದ ಹೋಲಿಕೆಯೆಂದು ಇದನ್ನು ಯಾರೂ ಓದಬಾರದು.

ಕಾರ್ಡನ್ನು ಕೊಂಡದ್ದು ಬೆಳಗಾವಿಯ ಗಣಪತಿ ಗಲ್ಲಿಯಲ್ಲಿ. ಪೊಟ್ಟಣ ಒಡೆದಾಗ ಅದು ಎಕ್ಸ್‌ಫ್ಯಾಟ್ ಆಗಿತ್ತು, ಏಕೆಂದರೆ 32 ಜಿಬಿಗಿಂತ ದೊಡ್ಡದಾದ ಎಸ್‌ಡಿಎಕ್ಸ್‌ಸಿ ಕಾರ್ಡುಗಳಿಗೆ ಎಸ್‌ಡಿ ಅಸೋಸಿಯೇಷನ್ 2009ರಲ್ಲಿಯೇ ಗೊತ್ತುಮಾಡಿದ ಫಾರ್ಮ್ಯಾಟು ಅದು. ಸಂತೆಯಲ್ಲಿ ನಕಲಿ ಕಾರ್ಡುಗಳೂ ಸಿಗುವುದರಿಂದ ಮನೆಗೆ ಬಂದ ಕೂಡಲೇ ಎಫ್3 ಎಂಬ ಉಪಕರಣದಿಂದ ಕಾರ್ಡಿನ ತುಂಬ ಬರೆದು, ಬರೆದದ್ದನ್ನು ಓದಿಸಿ ನೋಡಿದೆ. ಕಾರ್ಡು ಅಸಲಿಯೇ ಆಗಿತ್ತು, ಹೇಳಿದಷ್ಟು ಜಾಗವೂ ಇತ್ತು. ಮುಂದೆ ಆದದ್ದಕ್ಕೆ ಅಂಗಡಿಯವರನ್ನು ದೂರುವಂತಿಲ್ಲ ಎಂಬುದಕ್ಕಾಗಿ ಇದನ್ನು ಹೇಳಿದೆ.

ಮೂರು ಆಟಗಳ ರೆಕಾರ್ಡಿಂಗ್ ನಿರಾತಂಕವಾಗಿ ಆಯಿತು. ನಾಲ್ಕನೆಯದು ಬೀಳಗಿ ತಾಲೂಕಿನ ಒಂದು ಊರಿನ ಜಾತ್ರೆಯಲ್ಲಿತ್ತು. ರಾತ್ರಿ ಹನ್ನೊಂದಕ್ಕೆ ಶುರುವಾದ ಆಟ ಬೆಳಗಿನ ನಾಲ್ಕೂವರೆಗೆ ರಂಗೇರಿದ್ದಾಗ, ಪವರ್ ಬ್ಯಾಂಕಿನ ವೈರು ಯಾರದೋ ಕಾಲಿಗೆ ತೊಡರಿ ಕಳಚಿದ್ದು ಕತ್ತಲಲ್ಲಿ ನನಗೆ ಕಾಣಲಿಲ್ಲ. ಹಳೆಯ ಬ್ಯಾಟರಿಗಳ ಸ್ವಭಾವ ಗೊತ್ತಿರುವವರಿಗೆ ಗೊತ್ತು, ಶೇಕಡಾ ಹದಿನೈದು ಉಳಿದಿದೆ ಎಂದು ತೋರಿಸುತ್ತಿರುವಾಗಲೇ ಅವು ಒಮ್ಮೆಲೇ ಕೈಬಿಡುತ್ತವೆ. ಫೋನು ಆರಿಹೋಯಿತು. ಒಂದೊಂದು ತಾಸಿನ ಐದು ಫೈಲುಗಳು ಮುಗಿದಿದ್ದವು, ಆರನೆಯದು ನಡೆಯುತ್ತಿತ್ತು. ಮರುದಿನ ಕಾರ್ಡನ್ನು ರೀಡರಿಗೆ ಹಾಕಿ ನೋಡಿದರೆ ಆ ರಾತ್ರಿಯ ಫೋಲ್ಡರು ಪೂರ್ತಿ ಖಾಲಿ. ಆದರೆ ಕಾರ್ಡಿನಲ್ಲಿ 41 ಜಿಬಿ ಬಳಕೆಯಾಗಿದೆ ಎಂದು ಲ್ಯಾಪ್‌ಟಾಪು ಹೇಳುತ್ತಿತ್ತು. ಬೀಗ ಹಾಕಿದ ಮನೆಯೊಳಗಿಂದ ಮಾತು ಕೇಳಿಸಿದ ಹಾಗೆ.

ಫೋಟೊರೆಕ್ ಎಂಬ ಉಚಿತ ತಂತ್ರಾಂಶವು ಫೈಲ್ ಸಿಸ್ಟಂನ ಪಟ್ಟಿಯನ್ನು ನಂಬದೆ, ಕಾರ್ಡಿನ ಉದ್ದಕ್ಕೂ ಹುಡುಕಿ ವಿಡಿಯೊದ ಗುರುತು ಕಂಡಲ್ಲಿಂದ ಎತ್ತಿ ಕೊಡುತ್ತದೆ. ಅದನ್ನು ಒಂದು ಮಧ್ಯಾಹ್ನವಿಡೀ ಓಡಿಸಿದ ಮೇಲೆ ಮೂರು ಫೈಲುಗಳು ಪೂರ್ತಿಯಾಗಿ, ಎರಡು ಅರ್ಧಂಬರ್ಧವಾಗಿ ಸಿಕ್ಕವು. ಹೆಸರಿನ ಜಾಗದಲ್ಲಿ ಎಫ್ ಅಕ್ಷರ ಮತ್ತು ಒಂದಷ್ಟು ಅಂಕೆಗಳು ಮಾತ್ರ, ದಿನಾಂಕವಿಲ್ಲ, ವೇಳೆಯಿಲ್ಲ. ಯಾವುದು ಮೊದಲು, ಯಾವುದು ನಂತರ ಎಂಬುದನ್ನು ಹಾಡು ಕೇಳಿ ಕೇಳಿ ಜೋಡಿಸಬೇಕಾಯಿತು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಆರನೆಯ ಫೈಲು ಯಾವ ಫೈಲ್ ಸಿಸ್ಟಂನಲ್ಲಿದ್ದರೂ ಉಳಿಯುತ್ತಿರಲಿಲ್ಲ. ಎಂಪಿ4 ಫೈಲಿನ ಸೂಚಿಯನ್ನು ನನ್ನ ಕ್ಯಾಮೆರಾ ಆ್ಯಪು ರೆಕಾರ್ಡಿಂಗ್ ನಿಲ್ಲಿಸುವಾಗ ಬರೆಯುತ್ತದೆ. ಅದನ್ನು ಬರೆಯುವ ಮೊದಲೇ ಫೋನು ಸತ್ತರೆ ಒಳಗಿನ ದೃಶ್ಯವೆಲ್ಲ ಇದ್ದರೂ ಫೈಲು ತೆರೆಯುವುದಿಲ್ಲ. ಅದು ಆ್ಯಪಿನ ಸಂಗತಿ. ನನ್ನ ತಕರಾರು ಇರುವುದು ಮೊದಲಿನ ಐದು ಫೈಲುಗಳ ಬಗ್ಗೆ. ಅವು ತಾಸುಗಳ ಹಿಂದೆಯೇ ಮುಗಿದು, ಮುಚ್ಚಿ, ಕಾರ್ಡಿನಲ್ಲಿ ಕುಳಿತಿದ್ದವು. ಆರನೆಯದರ ಸಾವಿನಲ್ಲಿ ಅವು ಏಕೆ ಪಾಲುಗೊಳ್ಳಬೇಕು?

ಉತ್ತರ ಎಕ್ಸ್‌ಫ್ಯಾಟಿನ ರಚನೆಯಲ್ಲಿದೆ. ಮೈಕ್ರೋಸಾಫ್ಟ್ 2006ರಲ್ಲಿ ತಂದ ಈ ವ್ಯವಸ್ಥೆಯಲ್ಲಿ ಫೋಲ್ಡರಿನ ಹೆಸರುಪಟ್ಟಿ, ಜಾಗ ಹಂಚಿಕೆಯ ನಕ್ಷೆ, ಇವೆಲ್ಲವನ್ನೂ ಇದ್ದಲ್ಲಿಯೇ ತಿದ್ದಿ ಬರೆಯಲಾಗುತ್ತದೆ, ಆ ತಿದ್ದುಪಡಿಗೆ ಬೇರೆಲ್ಲೂ ದಾಖಲೆ ಇರುವುದಿಲ್ಲ. ದೊಡ್ಡ ಕಾರ್ಡಿನಲ್ಲಿ ಒಂದು ಕ್ಲಸ್ಟರು, ಅಂದರೆ ಜಾಗ ಹಂಚುವ ಅತಿ ಚಿಕ್ಕ ತುಂಡು, ಸಾಮಾನ್ಯವಾಗಿ 128 ಕೆಬಿ ಇರುವುದರಿಂದ ನನ್ನ ಐದೂ ಫೈಲುಗಳ ಹೆಸರು ಒಂದೇ ಕ್ಲಸ್ಟರಿನಲ್ಲಿದ್ದವು, ಮತ್ತು ಆರನೆಯದರ ವಿವರವನ್ನು ಅದೇ ಕ್ಲಸ್ಟರಿನಲ್ಲಿ ಬರೆಯುವಾಗ ಕರೆಂಟು ನಿಂತಿತ್ತು. ಇಎಕ್ಸ್‌ಟಿ4ನಲ್ಲಿ ಇರುವ ಜರ್ನಲ್ ಎಂಬುದು ಅಡತ್ ಅಂಗಡಿಯ ಕಿರ್ದಿ ಇದ್ದ ಹಾಗೆ. ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಖಾತೆ ಪುಸ್ತಕಕ್ಕೆ ಏರಿಸುತ್ತಾರೆ. ಏರಿಸುವಾಗ ದೀಪ ಆರಿದರೂ ಮರುದಿನ ಕಿರ್ದಿ ತೆರೆದು, ಪೂರ್ತಿ ಬರೆದ ವ್ಯವಹಾರವನ್ನು ಖಾತೆಗೆ ಏರಿಸಿ, ಅರ್ಧಕ್ಕೆ ನಿಂತದ್ದನ್ನು ಹೊಡೆದು ಹಾಕಿದರೆ ಆಯಿತು. ಎಕ್ಸ್‌ಫ್ಯಾಟಿನ ಸಾಹುಕಾರರು ನೇರವಾಗಿ ಖಾತೆಯಲ್ಲಿಯೇ ರಬ್ಬರಿನಿಂದ ಅಳಿಸಿ ಬರೆಯುತ್ತಾರೆ.

ಈ ಅನುಭವವಾದ ಮೇಲೆ ಮಳೆಗಾಲದ ಒಂದು ಭಾನುವಾರ ಕುಳಿತು, ಎಕ್ಸ್‌ಫ್ಯಾಟ್, ಎಫ್2ಎಫ್‌ಎಸ್, ಇಎಕ್ಸ್‌ಟಿ4 ಮೂರರಲ್ಲಿಯೂ ರೆಕಾರ್ಡಿಂಗ್ ನಡೆಯುತ್ತಿರುವಾಗಲೇ ಆರಾರು ಸಲ ಬ್ಯಾಟರಿ ಕಿತ್ತು ನೋಡಿದೆ. ಎಕ್ಸ್‌ಫ್ಯಾಟಿನಲ್ಲಿ ನಾಲ್ಕು ಸಲ ಏನೂ ಆಗಲಿಲ್ಲ, ಒಂದು ಸಲ ಹೊಸ ಫೈಲು ಸೊನ್ನೆ ಗಾತ್ರದ್ದಾಗಿ ಕಂಡಿತು, ಇನ್ನೊಂದು ಸಲ ಕಾರ್ಡು ಕೆಟ್ಟಿದೆ ಎಂದು ಫೋನು ಹಟ ಹಿಡಿಯಿತು. ಉಳಿದೆರಡರಲ್ಲಿ ನಡೆಯುತ್ತಿದ್ದ ಫೈಲು ಹೋಯಿತೇ ಹೊರತು ಹಿಂದಿನವು ಅಲುಗಲಿಲ್ಲ. ಆರು ಸಲದ ಪ್ರಯೋಗ ಪ್ರಮಾಣವಲ್ಲ ಎಂಬುದು ನನಗೂ ತಿಳಿದಿದೆ. ಕಾರ್ಡನ್ನು ಒಳಗಿನಿಂದ ನಡೆಸುವ ಕಂಟ್ರೋಲರ್ ಚಿಪ್ಪೇ ಬರೆಯುವಾಗ ಎಡವಿದರೆ ಜರ್ನಲ್ ಕೂಡ ಕಾಯಲಾರದು ಎಂಬುದೂ ನಿಜ. ಆದರೆ ಐದು ತಾಸಿನ ಆಟ ಕಳೆದುಕೊಂಡವನಿಗೆ ಅಷ್ಟು ಸಾಕ್ಷಿ ಸಾಕಾಯಿತು.

ಫ್ಯಾಟ್32ರ ವಿಷಯವನ್ನು ಬೇಗ ಮುಗಿಸಬಹುದು. ಅದರಲ್ಲಿ ಒಂದು ಫೈಲು 4 ಜಿಬಿಗೆ ಒಂದು ಬೈಟ್ ಕಡಿಮೆಯಷ್ಟು ಮಾತ್ರ ಬೆಳೆಯಬಹುದು. ನನ್ನ ಫೋನು ಸೆಕೆಂಡಿಗೆ 17 ಮೆಗಾಬಿಟ್ ವೇಗದಲ್ಲಿ ವಿಡಿಯೊ ಬರೆಯುವುದರಿಂದ ಆ ಮಿತಿ ಹೆಚ್ಚುಕಡಿಮೆ ಮೂವತ್ಮೂರು ನಿಮಿಷಕ್ಕೆ ಮುಟ್ಟುತ್ತದೆ. ಆಗ ಆ್ಯಪು ಒಂದು ಫೈಲು ಮುಚ್ಚಿ ಇನ್ನೊಂದನ್ನು ತೆರೆಯುವಷ್ಟರಲ್ಲಿ ಕೆಲವು ಸೆಕೆಂಡುಗಳು ಹೋಗುತ್ತವೆ, ಅವು ಹೋಗುವುದು ಸತ್ಯಭಾಮೆ ದೂತಿಗೆ ಎದುರುತ್ತರ ಕೊಡುವ ಹೊತ್ತಿಗೇ. ಬರೀ ಧ್ವನಿಯಾದರೆ ಈ ತೊಂದರೆಯಿಲ್ಲ; 48 ಕಿಲೊಹರ್ಟ್ಸ್, 16 ಬಿಟ್, ಎರಡು ಚಾನೆಲಿನ ವೇವ್ ಫೈಲು 4 ಜಿಬಿ ತಲುಪಲು ಆರು ತಾಸಿಗೂ ಮೇಲೆ ಬೇಕು. 32 ಜಿಬಿಗಿಂತ ದೊಡ್ಡ ಕಾರ್ಡಿಗೆ ಫ್ಯಾಟ್32 ಹಾಕಲಾಗದು ಎಂದು ಹಲವರು ನಂಬಿದ್ದಾರೆ. ಅದು ವಿಂಡೋಸಿನ ಫಾರ್ಮ್ಯಾಟ್ ಕಿಟಕಿಯು ಹಾಕಿಕೊಂಡಿದ್ದ ಮಿತಿ, ಫೈಲ್ ಸಿಸ್ಟಂನದಲ್ಲ.

ವಿಂಡೋಸಿನ ಡಿಸ್ಕುಗಳಲ್ಲಿರುವ ಎನ್‌ಟಿಎಫ್‌ಎಸ್ ಫೋನಿನ ಕಾರ್ಡಿಗಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಎಫ್2ಎಫ್‌ಎಸ್ ಬಗ್ಗೆ ನನಗೆ ಹೆಚ್ಚು ಆಸೆಯಿತ್ತು. ಸ್ಯಾಮ್‌ಸಂಗಿನಲ್ಲಿ ಫ್ಲ್ಯಾಶ್ ಮೆಮೊರಿಗೆಂದೇ ರೂಪಿಸಿ 2012ರಲ್ಲಿ ಹೊರಗಿಟ್ಟ ಈ ವ್ಯವಸ್ಥೆ 2013ರಲ್ಲಿ, ಆಂಡ್ರಾಯ್ಡಿಗೂ ತಿರುಳಾಗಿರುವ ಲಿನಕ್ಸ್ ಕರ್ನಲ್ಲಿನ 3.8ನೆಯ ಆವೃತ್ತಿಗೆ ಸೇರಿತು, ಇಂದು ಎಷ್ಟೋ ಫೋನುಗಳ ಒಳಮೆಮೊರಿಯಲ್ಲಿ ಇದೇ ಇದೆ. ಇದ್ದಲ್ಲಿಯೇ ತಿದ್ದುವ ಬದಲು ಹೊಸ ಬರಹವನ್ನೆಲ್ಲ ಹೊಸ ಜಾಗದಲ್ಲಿ ಒಂದರ ಹಿಂದೆ ಒಂದರಂತೆ ಬರೆಯುತ್ತ ಹೋಗುವುದು, ಆಗಾಗ ಒಂದು ಚೆಕ್‌ಪಾಯಿಂಟ್ ಹಾಕಿಕೊಂಡು ಅಲ್ಲಿಯವರೆಗಿನದನ್ನು ಭದ್ರ ಮಾಡಿಕೊಳ್ಳುವುದು ಇದರ ಕ್ರಮ. ಆ್ಯಪುಗಳು ಚಿಕ್ಕ ಚಿಕ್ಕ ತುಣುಕುಗಳನ್ನು ಅಲ್ಲಲ್ಲಿ ಬರೆಯುವ ಒಳಮೆಮೊರಿಯಲ್ಲಿ ಇದರಿಂದ ಲಾಭವಿದೆ. ನನ್ನ ಕೆಲಸ ಅಂಥದ್ದಲ್ಲ. ಒಂದು ತಾಸಿನ ವಿಡಿಯೊ ಯಾವ ಫೈಲ್ ಸಿಸ್ಟಂನಲ್ಲಾದರೂ ಹೆಚ್ಚುಕಡಿಮೆ ಸಾಲಾಗಿಯೇ ಬರೆಯಲ್ಪಡುತ್ತದೆ. ಆದ್ದರಿಂದ ವೇಗದಲ್ಲಿ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಕಾರ್ಡು ತುಂಬುತ್ತ ಬಂದಾಗ ಮಾತ್ರ, ಚದುರಿದ ಹಳೆಯ ತುಣುಕುಗಳನ್ನು ಒಟ್ಟುಗೂಡಿಸಿ ಜಾಗ ಬಿಡಿಸಿಕೊಳ್ಳುವ ಅದರ ಶುಚಿಕಾರ್ಯದಿಂದಲೋ ಏನೋ, ಎರಡು ಸಲ ರೆಕಾರ್ಡಿಂಗ್ ತೊದಲಿತು. ನಾನು ಬಿಟ್ಟದ್ದು ಅದಕ್ಕಾಗಿಯೂ ಅಲ್ಲ. ಕೆಟ್ಟರೆ ರಿಪೇರಿ ಮಾಡುವ ಉಪಕರಣಗಳಲ್ಲಿ ಇಎಕ್ಸ್‌ಟಿ4ಗೆ ಇರುವಷ್ಟು ಹಳೆಯ, ಪಳಗಿದ ಸಾಮಗ್ರಿ ಇದಕ್ಕಿಲ್ಲ, ಮತ್ತು ಒಮ್ಮೆ ಸುಟ್ಟುಕೊಂಡ ಮೇಲೆ ನಾನು ಮೊದಲು ನೋಡುವುದು ಅದನ್ನೇ.

ಕಾರ್ಡನ್ನು ಆಂತರಿಕ ಸಂಗ್ರಹವಾಗಿ ಮಾಡಿಕೊಳ್ಳಿ ಎಂದು ಕೆಲವು ಫೋನುಗಳು ತಾವಾಗಿಯೇ ಕೇಳುತ್ತವೆ. 2015ರ ಆಂಡ್ರಾಯ್ಡ್ 6.0ರಿಂದ ಇರುವ ಈ ಸೌಲಭ್ಯದಲ್ಲಿಯೂ ಕಾರ್ಡಿಗೆ ಇಎಕ್ಸ್‌ಟಿ4 ಅಥವಾ ಎಫ್2ಎಫ್‌ಎಸ್ ಹಾಕಲಾಗುತ್ತದೆ. ಆದರೆ ಇಡೀ ಕಾರ್ಡು ಗೂಢಲಿಪಿಗೆ ಒಳಗಾಗಿ, ಅದರ ಕೀಲಿಕೈ ಫೋನಿನೊಳಗೆ ಮಾತ್ರ ಇರುತ್ತದೆ. ಫೋನು ಬಾವಿಗೆ ಬಿದ್ದರೆ ಕಾರ್ಡು ಕೈಯಲ್ಲಿದ್ದೂ ಇಲ್ಲದ ಹಾಗೆ. ರೆಕಾರ್ಡಿಂಗ್ ಮಾಡುವವರು ಆ ಗುಂಡಿಯನ್ನು ಒತ್ತಬಾರದು.

ಇನ್ನು ನನ್ನ ಮೆಚ್ಚಿನದಕ್ಕೆ ಬರುತ್ತೇನೆ, ಅದು ಕೊಟ್ಟ ಕಾಟದ ಸಮೇತ. ಇಎಕ್ಸ್‌ಟಿ4 ಹಾಕಲು ನನ್ನದರಂತೆ ಲಿನಕ್ಸ್ ಇರುವ ಲ್ಯಾಪ್‌ಟಾಪೇ ಬೇಕು, ಫೋನಿನಲ್ಲಿ ಅದಕ್ಕೆ ಗುಂಡಿಯಿಲ್ಲ. ಮೊದಲ ಸಲ ಫಾರ್ಮ್ಯಾಟ್ ಮಾಡಿ ಹಾಕಿದ ಕಾರ್ಡನ್ನು ಫೋನು ಒಪ್ಪಲೇ ಇಲ್ಲ. ಲ್ಯಾಪ್‌ಟಾಪಿನಲ್ಲಿ ಫಾರ್ಮ್ಯಾಟ್ ಮಾಡುವ ಉಪಕರಣ 2016ರ ಆವೃತ್ತಿಯಿಂದ ಮೆಟಾಡೇಟಾ ಚೆಕ್‌ಸಮ್ (ಮೆಟಾಡೇಟಾ, ಅಂದರೆ ಫೈಲುಗಳ ಬಗೆಗಿನ ವಿವರ, ಕೆಟ್ಟಿಲ್ಲವೇ ಎಂದು ತಾಳೆ ನೋಡುವ ಸಂಖ್ಯೆ) ಎಂಬ ಸೌಲಭ್ಯವನ್ನು ಕೇಳದೆಯೇ ಸೇರಿಸುತ್ತದೆ, ಅದನ್ನು ಅರಿಯುವ ಕರ್ನಲ್ 3.5ರಿಂದ ಮುಂದಿನದು, ನನ್ನ ಫೋನಿನದು 3.4. ಆ ಒಂದು ಸೌಲಭ್ಯವನ್ನು ಬಿಡಿಸಿ ಮತ್ತೆ ಫಾರ್ಮ್ಯಾಟ್ ಮಾಡಿದಾಗ ಕಾರ್ಡು ತೆರೆಯಿತು. ಇದು ಅರ್ಧ ದಿನದ ಕೆಲಸ; ಕಾಟವೆನ್ನುವುದು ಇದಲ್ಲ.

ಕಾಟ ಮಾಲೀಕತ್ವದ್ದು. ಫ್ಯಾಟ್32 ಮತ್ತು ಎಕ್ಸ್‌ಫ್ಯಾಟ್ ಎರಡಕ್ಕೂ ಫೈಲು ಯಾರದು ಎಂಬ ಕಲ್ಪನೆಯೇ ಇಲ್ಲ. ಕಾರ್ಡು ಯಾರ ಕೈಯಲ್ಲಿದೆಯೋ ಫೈಲು ಅವರದು. ಇಎಕ್ಸ್‌ಟಿ4ನಲ್ಲಿ ಪ್ರತಿ ಫೈಲಿನ ಮೇಲೂ, ಪ್ರತಿ ಫೋಲ್ಡರಿನ ಮೇಲೂ ಒಡೆಯನ ಸಂಖ್ಯೆ, ಗುಂಪಿನ ಸಂಖ್ಯೆ ಮತ್ತು ಯಾರು ಓದಬಹುದು, ಯಾರು ಬರೆಯಬಹುದು ಎಂಬ ವಿವರ ಬರೆದಿರುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಇರುವ ಡಿಸ್ಕಿಗೆ ಇದು ಒಳ್ಳೆಯದು. ಎರಡು ಯಂತ್ರಗಳ ನಡುವೆ ಓಡಾಡುವ ಕಾರ್ಡಿಗೆ ಇದೇ ಕಂಟಕ, ಏಕೆಂದರೆ ಸಂಖ್ಯೆ ಒಂದೇ ಆದರೂ ಆಚೆ ಬೇರೆಯವನು, ಈಚೆ ಬೇರೆಯವನು. ನನ್ನ ಲ್ಯಾಪ್‌ಟಾಪಿನಲ್ಲಿ ನಾನು 1000. ಆಂಡ್ರಾಯ್ಡಿನಲ್ಲಿ 1000 ಎಂದರೆ ಸಿಸ್ಟಂ. ಕಾರ್ಡಿನ ಮೇಲೆ ಆ್ಯಪುಗಳ ಪರವಾಗಿ ಓದಿ ಬರೆಯುವ ಕೆಲಸ ಅಲ್ಲಿ ಬೇರೊಂದು ಸಂಖ್ಯೆಯದು, ಅದು 1023.

ಇದು ಮೊದಲ ಸಲ ನನ್ನ ಅನುಭವಕ್ಕೆ ಬಂದದ್ದು ಮುಧೋಳದ ಕಡೆಯ ಒಂದು ಊರಿನಲ್ಲಿ. ಹೊರಡುವ ಮೊದಲು ಮನೆಯಲ್ಲಿಯೇ, ಲ್ಯಾಪ್‌ಟಾಪಿನಿಂದ, ಕಾರ್ಡಿನಲ್ಲಿ ಆ ದಿನದ ಫೋಲ್ಡರು ಮಾಡಿ, ಅದರಲ್ಲಿ ಮೇಳದವರ ಹೆಸರುಗಳ ಟಿಪ್ಪಣಿ ಹಾಕಿ ಅಚ್ಚುಕಟ್ಟಾಗಿ ಸಿದ್ಧನಾಗಿ ಹೋಗಿದ್ದೆ. ಹಾರ್ಮೋನಿಯಂ ಶ್ರುತಿ ಹಿಡಿಯಿತು, ಗಣಪತಿ ಸ್ತುತಿ ಶುರುವಾಯಿತು, ನಾನು ಕೆಂಪು ಗುಂಡಿ ಒತ್ತಿದೆ, ಉಳಿಸಲಾಗಲಿಲ್ಲ ಎಂದು ಫೋನು ಹೇಳಿತು. ಮತ್ತೆ ಒತ್ತಿದೆ, ಮತ್ತೆ ಅದೇ. ಟಿಪ್ಪಣಿ ತೆರೆಯುತ್ತಿತ್ತು, ಹಳೆಯ ವಿಡಿಯೊ ಓಡುತ್ತಿತ್ತು, ಖಾಲಿ ಜಾಗ ಬೇಕಾದಷ್ಟಿತ್ತು. ಬರೆಯುವುದು ಮಾತ್ರ ಆಗುತ್ತಿರಲಿಲ್ಲ. ಕಾರ್ಡು ಕೆಟ್ಟಿತೆಂದೇ ಭಾವಿಸಿ, ಕೊನೆಯ ಯತ್ನವೆಂದು ಫೋನಿನಲ್ಲಿಯೇ ಹೊಸ ಫೋಲ್ಡರೊಂದನ್ನು ಮಾಡಿ ಅದಕ್ಕೆ ರೆಕಾರ್ಡ್ ಮಾಡಲು ಹೇಳಿದೆ. ತಕ್ಷಣ ಶುರುವಾಯಿತು. ಗಣಪತಿ ಸ್ತುತಿ ಅಷ್ಟರಲ್ಲಿ ಮುಗಿದಿತ್ತು.

ಮನೆಗೆ ಬಂದು ಟರ್ಮಿನಲ್ಲಿನಲ್ಲಿ ಪಟ್ಟಿ ತೆಗೆದಾಗ ವಿಷಯ ಬಿಚ್ಚಿಕೊಂಡಿತು. ನಾನು ಮಾಡಿದ ಫೋಲ್ಡರಿನ ಮುಂದೆ 1000, ಫೋನು ಮಾಡಿದ್ದರ ಮುಂದೆ 1023. ನನ್ನ ಫೋಲ್ಡರಿನಲ್ಲಿ ಬೇರೆಯವರು ಓದಬಹುದಿತ್ತು, ಬರೆಯುವಂತಿರಲಿಲ್ಲ. ಅದೇ ರೀತಿ ಫೋನು ಬರೆದ ವಿಡಿಯೊಗಳನ್ನು ಲ್ಯಾಪ್‌ಟಾಪಿನಲ್ಲಿ ನಕಲು ಮಾಡಿಕೊಳ್ಳಬಹುದಿತ್ತು, ಆಮೇಲೆ ಅಳಿಸಲು ಹೋದರೆ ನಿಮಗೆ ಅನುಮತಿಯಿಲ್ಲ ಎನ್ನುತ್ತಿತ್ತು. ಸ್ವಂತ ದುಡ್ಡಿನ ಕಾರ್ಡಿನಲ್ಲಿ ಸ್ವಂತ ಫೈಲು ಅಳಿಸಲು ಸೂಪರ್ ಯೂಸರ್, ಅಂದರೆ ಎಲ್ಲ ಹಕ್ಕೂ ಇರುವ ರೂಟ್ ಬಳಕೆದಾರ, ಆಗಿ ಬರಬೇಕಾದದ್ದು ನನಗೆ ತಹಸೀಲ್ದಾರ್ ಕಚೇರಿಯ ನೆನಪು ತಂದಿತು.

ಇದರ ಮೇಲೆ ಇನ್ನೂ ಒಂದು ಸೂಕ್ಷ್ಮವಿದೆ, ಅದು ಹೊಳೆಯಲು ನನಗೆ ವಾರವೇ ಹಿಡಿಯಿತು. ಫೈಲನ್ನು ಅಳಿಸುವ ಹಕ್ಕು ಆ ಫೈಲಿಗೆ ಸಂಬಂಧಿಸಿದ್ದಲ್ಲ, ಅದನ್ನು ಇಟ್ಟುಕೊಂಡಿರುವ ಫೋಲ್ಡರಿಗೆ ಸಂಬಂಧಿಸಿದ್ದು. ಆದ್ದರಿಂದ ಫೈಲುಗಳ ಅನುಮತಿಯನ್ನೆಲ್ಲ ಸಡಿಲಿಸಿ ಫೋಲ್ಡರನ್ನು ಹಾಗೆಯೇ ಬಿಟ್ಟರೆ, ಫೋನಿನಲ್ಲಿ ಫೈಲಿನೊಳಗೆ ತಿದ್ದಬಹುದು ಆದರೆ ಅಳಿಸಲಾಗದು ಎಂಬ ವಿಚಿತ್ರ ಸ್ಥಿತಿ ಬರುತ್ತದೆ. ನಾನು ಮೊದಲು ಮಾಡಿದ್ದು ಅದನ್ನೇ. ಹೊಸದಾಗಿ ಫಾರ್ಮ್ಯಾಟ್ ಮಾಡಿದ ಕಾರ್ಡಿನ ಮೇಲಿನ ಮೂಲ ಫೋಲ್ಡರು ರೂಟ್ ಬಳಕೆದಾರನದಾಗಿರುವುದರಿಂದ, ಅದನ್ನೂ ಫಾರ್ಮ್ಯಾಟ್ ಮಾಡುವಾಗಲೇ 1023ರ ಹೆಸರಿಗೆ ಬರೆಸಬೇಕು.

ಈಗ ಹೀಗೆ ನಡೆದಿದೆ. ಲ್ಯಾಪ್‌ಟಾಪಿನಲ್ಲಿ 1023 ಎಂಬ ಸಂಖ್ಯೆಯ ಗುಂಪೊಂದನ್ನು ಮಾಡಿ ನನ್ನನ್ನು ಅದರ ಸದಸ್ಯನನ್ನಾಗಿಸಿದ್ದೇನೆ. ಕಾರ್ಡಿನ ಎಲ್ಲ ಫೋಲ್ಡರುಗಳೂ ಆ ಗುಂಪಿನವು, ಗುಂಪಿನವರು ಬರೆಯಬಹುದು, ಮತ್ತು ಒಳಗೆ ಹುಟ್ಟುವ ಹೊಸ ಫೈಲುಗಳೂ ಅದೇ ಗುಂಪಿಗೆ ಸೇರುವಂತೆ ಫೋಲ್ಡರಿಗೆ ಗುರುತು ಹಾಕಿದ್ದೇನೆ. ಇಷ್ಟಾದರೂ ಲ್ಯಾಪ್‌ಟಾಪಿನ ಪೂರ್ವನಿಗದಿ ಗುಂಪಿಗೆ ಬರೆಯುವ ಹಕ್ಕನ್ನು ಕೊಡದಿರುವುದರಿಂದ ಒಂದೆರಡು ಫೈಲುಗಳು ತಪ್ಪಿಸಿಕೊಳ್ಳುತ್ತಿದ್ದವು. ಕೊನೆಗೆ ಸೂಕ್ಷ್ಮವನ್ನೆಲ್ಲ ಬಿಟ್ಟು ಐದು ಸಾಲಿನ ಸ್ಕ್ರಿಪ್ಟೊಂದನ್ನು ಬರೆದೆ. ಕಾರ್ಡು ತೆಗೆಯುವ ಮೊದಲು ಅದನ್ನು ಓಡಿಸಿದರೆ ಎಲ್ಲವನ್ನೂ 1023ಕ್ಕೆ ಬರೆದುಕೊಟ್ಟು, ಅನುಮತಿ ಸರಿಪಡಿಸಿ, ಕಾರ್ಡನ್ನು ಸುರಕ್ಷಿತವಾಗಿ ಹೊರತೆಗೆಯಲು ಅನ್‌ಮೌಂಟ್ ಮಾಡುತ್ತದೆ. ಎರಡು ವರ್ಷದಿಂದ ಓಡಿಸುತ್ತಿದ್ದೇನೆ. ಮರೆತದ್ದು ಎರಡು ಸಲ, ಎರಡು ಸಲವೂ ಫೋನಿನಲ್ಲಿ ಹೊಸ ಫೋಲ್ಡರು ಮಾಡಿ ಪಾರಾದೆ.

ಕನ್ನಡದವರಿಗೆಂದೇ ಇರುವ ಇನ್ನೊಂದು ತೊಡಕು ಫೈಲಿನ ಹೆಸರಿನದು. ಹೆಸರಿನ ಮಿತಿ 255 ಎಂದು ಎಲ್ಲ ಕಡೆಯೂ ಬರೆದಿರುತ್ತದೆ, ಆದರೆ ಎಕ್ಸ್‌ಫ್ಯಾಟಿನಲ್ಲಿ ಅದು 255 ಅಕ್ಷರ ಸಂಕೇತಗಳು, ಇಎಕ್ಸ್‌ಟಿ4 ಮತ್ತು ಎಫ್2ಎಫ್‌ಎಸ್‌ನಲ್ಲಿ 255 ಬೈಟುಗಳು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು ಬೇಕು, ಒತ್ತಕ್ಷರ, ಗುಣಿತದ ಚಿಹ್ನೆ ಎಲ್ಲಕ್ಕೂ ಬೇರೆ ಬೇರೆ. ಶ್ರೀಕೃಷ್ಣ ಎಂದು ಬರೆದರೆ ಕಣ್ಣಿಗೆ ಕಾಣುವುದು ಮೂರಕ್ಷರ, ಒಳಗೆ ಒಂಬತ್ತು ಸಂಕೇತ, ಕಾರ್ಡಿನಲ್ಲಿ 27 ಬೈಟು. ಒಟ್ಟು 85 ಸಂಕೇತಗಳಿಗೆ ಲೆಕ್ಕ ಮುಗಿಯಿತು. ಊರು, ತಾಲೂಕು, ಜಾತ್ರೆ, ಮೇಳ, ಭಾಗವತರು, ತಿಥಿ ಎಲ್ಲವನ್ನೂ ಹೆಸರಿನಲ್ಲಿಯೇ ತುಂಬುವ ಅಭ್ಯಾಸವಿದ್ದ ನನ್ನ ಹಳೆಯ ಫೈಲುಗಳಲ್ಲಿ ಹಲವನ್ನು ಇಎಕ್ಸ್‌ಟಿ4 ಒಳಗೆ ಬಿಟ್ಟುಕೊಳ್ಳಲಿಲ್ಲ. ಈಗ ಹೆಸರಿನಲ್ಲಿ ಊರು ಮತ್ತು ದಿನಾಂಕ ಮಾತ್ರ ಇಟ್ಟು, ಉಳಿದದ್ದನ್ನು ಪಕ್ಕದ ಟಿಪ್ಪಣಿ ಫೈಲಿಗೆ ಬರೆಯುತ್ತೇನೆ. ಅಂಥ ಎರಡು ಕೆಬಿಯ ಟಿಪ್ಪಣಿಯೊಂದು ಎಕ್ಸ್‌ಫ್ಯಾಟಿನಲ್ಲಿ 128 ಕೆಬಿ ನುಂಗುತ್ತಿತ್ತು, ಇಲ್ಲಿ 4 ಕೆಬಿಗೆ ಮುಗಿಯುತ್ತದೆ.

ಇಎಕ್ಸ್‌ಟಿ4 ಹಾಕಿದಾಗ ಶೇಕಡಾ ಐದು ಜಾಗವನ್ನು ಅದು ರೂಟ್ ಬಳಕೆದಾರನಿಗೆಂದು ಕಾದಿರಿಸುತ್ತದೆ. 128 ಜಿಬಿ ಕಾರ್ಡಿನಲ್ಲಿ ಅದು ಸುಮಾರು 6 ಜಿಬಿ, ಅಂದರೆ ಮುಕ್ಕಾಲು ತಾಸಿನ ವಿಡಿಯೊ. ಒಂದು ಆಜ್ಞೆಯಿಂದ ಅದನ್ನು ಸೊನ್ನೆಗೆ ಇಳಿಸಬಹುದು, ಇಳಿಸಬೇಕು.

ಜರ್ನಲಿನಿಂದ ಕಾರ್ಡು ಬೇಗ ಸವೆಯುತ್ತದೆ ಎಂದು ಹೆದರಿಸುವವರಿದ್ದಾರೆ. ಪೂರ್ವನಿಗದಿಯಲ್ಲಿ ಜರ್ನಲಿಗೆ ಹೋಗುವುದು ಮೆಟಾಡೇಟಾ ಮಾತ್ರ, ವಿಡಿಯೊ ಅಲ್ಲ. ತಾಸಿಗೆ ಒಂದು ಫೈಲು ಮಾಡುವ ನನಗೆ ಅದು ಲೆಕ್ಕಕ್ಕೇ ಬಾರದು.

ವಿಂಡೋಸಿನವರ ಮುಂದೆ ಇಎಕ್ಸ್‌ಟಿ4 ಕಾರ್ಡನ್ನು ಇಡುವುದು ಅಪಾಯ. ಮುಧೋಳದಲ್ಲಿ ಸ್ಟುಡಿಯೊ ಇಟ್ಟಿರುವ ನಮ್ಮ ಮಾವನ ಮಗ ಒಮ್ಮೆ ಅದನ್ನು ತನ್ನ ಕಂಪ್ಯೂಟರಿಗೆ ಚುಚ್ಚಿ, "ಏ ಮಾವಾ, ಬಳಸಬೇಕಂದ್ರ ಫಾರ್ಮ್ಯಾಟ್ ಮಾಡು ಅನ್ನಾಕತ್ತೈತಿ, ಒತ್ತಲೇನು?" ಎಂದು ಕೇಳಿದ. ಕೇಳಿದ್ದು ನನ್ನ ಪುಣ್ಯ. ಕಂಪನಿಯ ಆಂಡ್ರಾಯ್ಡ್ ಇರುವ ನನ್ನ ಹೆಂಡತಿಯ ಫೋನಿಗೆ ಹಾಕಿದರೂ ಬೆಂಬಲವಿಲ್ಲದ ಕಾರ್ಡು ಎಂದು ತೋರಿಸಿ, ಸರಿಪಡಿಸಲು ಇಲ್ಲಿ ಒತ್ತಿ ಎನ್ನುತ್ತದೆ. ಅಲ್ಲಿಯೂ ಸರಿಪಡಿಸುವುದೆಂದರೆ ಅಳಿಸುವುದೇ. ಸಾಮಾನ್ಯ ಆಂಡ್ರಾಯ್ಡು ತೆಗೆಯಬಹುದಾದ ಕಾರ್ಡಿನಲ್ಲಿ ಫ್ಯಾಟ್32 ಮತ್ತು ಎಕ್ಸ್‌ಫ್ಯಾಟನ್ನು ಬಿಟ್ಟು ಬೇರೆಯದನ್ನು ತೆರೆಯುವುದಿಲ್ಲವಾದ್ದರಿಂದ, ಫೋನಿನ ತಂತ್ರಾಂಶ ಬದಲಿಸುವ ಧೈರ್ಯವಿಲ್ಲದವರಿಗೆ ಇಷ್ಟು ಹೊತ್ತು ನಾನು ಹೊಗಳಿದ್ದು ಉಪಯೋಗಕ್ಕೆ ಬರುವುದಿಲ್ಲ. ಅವರು ಎಕ್ಸ್‌ಫ್ಯಾಟನ್ನೇ ಇಟ್ಟುಕೊಂಡು ತಾಸಿಗೊಮ್ಮೆ ರೆಕಾರ್ಡಿಂಗ್ ನಿಲ್ಲಿಸಿ, ಪ್ರತಿ ಸಲವೂ ಹೊಸ ಫೋಲ್ಡರು ಮಾಡುವುದು ಲೇಸು. ಒಂದು ಫೋಲ್ಡರಿನ ಹೆಸರುಪಟ್ಟಿ ಹೋದರೆ ಒಂದು ತಾಸಿನದಷ್ಟೇ ಹೋಗುತ್ತದೆ.

ಕಾರ್ಡನ್ನು ಹೊರತೆಗೆಯದೆ ಫೋನನ್ನೇ ಕೇಬಲಿನಿಂದ ವಿಂಡೋಸಿಗೆ ಜೋಡಿಸಿದರೆ ಮಾತ್ರ ಯಾವ ತಂಟೆಯೂ ಇಲ್ಲ, ಕೇಬಲಿನ ಮೂಲಕ ಫೈಲು ಸಾಗಿಸುವ ಎಂಟಿಪಿ ಎಂಬ ವಿಧಾನದಲ್ಲಿ ಫೈಲುಗಳನ್ನು ಓದಿ ಕೊಡುವುದು ಫೋನೇ ಆದ್ದರಿಂದ ಒಳಗೆ ಯಾವ ಫೈಲ್ ಸಿಸ್ಟಂ ಇದೆಯೆಂಬುದು ಆ ಕಡೆಗೆ ತಿಳಿಯುವುದೇ ಇಲ್ಲ. ನಿಧಾನ, ಆದರೆ ನಡೆಯುತ್ತದೆ. ಆಟ ಮುಗಿದ ಬೆಳಿಗ್ಗೆ ಊರಿನ ಪಂಚರು ಪೆನ್ ಡ್ರೈವ್ ಹಿಡಿದು ನಿಂತರೆ ಫೋನಿಗೆ ಪೆನ್ ಡ್ರೈವ್ ಜೋಡಿಸುವ ಓಟಿಜಿ ವೈರಿನಿಂದ ಫೋನಿನಲ್ಲಿಯೇ ನಕಲು ಮಾಡಿ ಕೊಡುತ್ತೇನೆ.

ಹೊಸ ಫೋನು ಕೊಂಡು ಇದೆಲ್ಲವನ್ನು ಬಿಡಬಹುದಲ್ಲ ಎಂದು ಕೇಳುವವರಿಗೆ ನನ್ನ ಲೆಕ್ಕ ಇಷ್ಟೇ. ಒಂದು ರಾತ್ರಿಗೆ 45 ಜಿಬಿಯ ಆಸುಪಾಸು ಬೇಕು, ಜಾತ್ರೆಯ ದಿನಗಳಲ್ಲಿ ಎರಡು ರಾತ್ರಿ ಒಟ್ಟಿಗೆ ಬರುತ್ತವೆ. ಅಷ್ಟು ಒಳಮೆಮೊರಿಯ ಫೋನಿನ ಬೆಲೆಗೂ ಒಂದು ಕಾರ್ಡಿನ ಬೆಲೆಗೂ ಹೋಲಿಕೆಯಿಲ್ಲ, ಮತ್ತು ಬ್ಯಾಟರಿ ಬಿಚ್ಚಿ ಹಾಕುವ ಫೋನು ಈಗ ಹುಡುಕಿದರೂ ಸಿಗುವುದು ಕಷ್ಟ. ಆದ್ದರಿಂದ ಮೊನ್ನೆಯೂ ಫೋನು ಬಿಟ್ಟು ಎರಡು ಬ್ಯಾಟರಿಗಳನ್ನು ಕೊಂಡೆ. ಹಳೆಯ 32 ಜಿಬಿಯ ಫ್ಯಾಟ್32 ಕಾರ್ಡು ಹಾಡು ಕೇಳುವ ಸ್ಪೀಕರಿನಲ್ಲಿದೆ. ಸ್ಟುಡಿಯೊಕ್ಕೆ ಕೊಟ್ಟು ತರಲು ಒಂದು 64 ಜಿಬಿ ಎಕ್ಸ್‌ಫ್ಯಾಟ್ ಇದೆ, ಅದರಲ್ಲಿ ಮೂಲ ಪ್ರತಿ ಎಂದೂ ಇರುವುದಿಲ್ಲ. 128 ಜಿಬಿಯ ಕಾರ್ಡಿನ ಬೆನ್ನಿಗೆ ಹೆಂಡತಿಯ ಉಗುರುಬಣ್ಣದಿಂದ ಒಂದು ಕೆಂಪು ಚುಕ್ಕೆ ಇಟ್ಟಿದ್ದೇನೆ. ಆ ಚುಕ್ಕೆ ಕಂಡರೆ ನನ್ನನ್ನು ಕೇಳದೆ ಯಾವುದಕ್ಕೂ ಹಾಕಬಾರದು ಎಂದು ಮನೆಯವರಿಗೂ ಮಾವನ ಮಗನಿಗೂ ಹೇಳಿಟ್ಟಿದ್ದೇನೆ.